ಎರಡೂ ಕಡೆ ಹೊಡೆದ ಎಕ್ಸ್

ಸೀಮೆಸುಣ್ಣ ಕಿರ್ರೆಂದಿತು, ಹಲ್ಲು ಜುಮ್ಮೆಂದವು, ತುದಿ ಮುರಿದು ಕಾಲಬುಡಕ್ಕೆ ಬಿತ್ತು, ಬೀಳಲಿ, ಎಕ್ಸ್ ವರ್ಗ ಸಮ ಐದು ಎಕ್ಸ್ ಅಂತ ಹಲಗೆಯ ಮೇಲೆ ಬರೆದಾಗಿದೆ, ಬರೆದ ಕೈ ಇಲ್ಲಿದೆ, ತಲೆ ಮಾತ್ರ ಮೂರು ಸ್ಟಾಪ್ ಆಚೆಯ ಕಲ್ಯಾಣ ಮಂಟಪದಲ್ಲಿ — ಅಲ್ಲೀಗ ಮದುಮಗಳ, ತನ್ನ ಮಗಳ ತಲೆ ಬಾಚುತ್ತಿರಬಹುದು, ಯಾರು ಬಾಚುತ್ತಾರೆ, ಇನ್ಯಾರು, ಚಿಕ್ಕಮ್ಮ, ಗಂಡ ತನ್ನನ್ನು ಬಿಟ್ಟು ಕಟ್ಟಿಕೊಂಡವಳು, ಆ ಗುಂಗುರು ಕೂದಲನ್ನು ತುದಿಯಿಂದ ಬಿಡಿಸಬೇಕು, ಬುಡದಿಂದ ಎಳೆದರೆ ಕೂಸು ಕಿರುಚುತ್ತದೆ, ಅದು ಅವಳಿಗೆ ಗೊತ್ತೋ ಇಲ್ಲವೋ, ಗೊತ್ತಿಲ್ಲದೆ ಏನು, ಹದಿನಾಲ್ಕು ವರ್ಷದಿಂದ ಅವಳೇ ಬಾಚಿದ್ದು. ಹೆತ್ತವಳು ಇಲ್ಲಿ ಹತ್ತನೇ ತರಗತಿಗೆ ಸಮೀಕರಣದ ಶೂನ್ಯತೆ, ಅಂದರೆ ಎಕ್ಸ್‌ನ ಬೆಲೆ, ಹುಡುಕಿಕೊಡುತ್ತಿದ್ದಾಳೆ. ಎರಡೂ ಕಡೆ ಎಕ್ಸ್ ಇದೆ ನೋಡಿ, ಇಲ್ಲೊಂದು ಹೊಡೀರಿ, ಅಲ್ಲೊಂದು ಹೊಡೀರಿ, ಉಳಿದಿದ್ದು ಐದು, ಮುಗೀತು — ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಯಾಕೆ ನಗು, ಬಟ್ಟೆಗೆ ಸುಣ್ಣ ಮೆತ್ತಿದೆಯೇ, ಒಳ್ಳೆ ಬಟ್ಟೆಯನ್ನೇ ಉಟ್ಟು ಬಂದಿದ್ದಾಳೆ, ಯಾಕೆ ಉಟ್ಟಳು ಅಂತ ಅವಳಿಗೇ ಗೊತ್ತಿಲ್ಲ, ಗೊತ್ತಿದೆ, ಡ್ರಾಯಿಂಗ್ ಮೇಷ್ಟ್ರು ಬೆಳಿಗ್ಗೆಯೇ ಹೇಳಿದ್ದರಲ್ಲ, ಹೋಗಿಬನ್ನಿ ಮೇಡಂ, ನಿಮ್ಮ ಪಿರಿಯಡ್ ನಾನು ನೋಡ್ಕೋತೀನಿ, ಹೆತ್ತವಳನ್ನ ಬಾಗಿಲಲ್ಲಿ ಯಾರು ತಡೀತಾರೆ. ಪಾಪ, ಒಳ್ಳೆ ಮನುಷ್ಯ, ಗೆರೆ ಎಳೆಯುವವರಿಗೆ ಎಲ್ಲವೂ ನೆಟ್ಟಗೇ ಕಾಣುತ್ತದೆ. ಮೇಡಂ, ಅಂದಳು ಎರಡನೇ ಬೆಂಚಿನವಳು, ಆ ಕೀಚಲು ದನಿಗೆ ಎಲ್ಲರೂ ಪಿಟೀಲು ಅಂತಲೇ ಕರೆಯುವುದು, ಮೇಡಂ, ಸೊನ್ನೆ ಎಲ್ಲಿ ಹೋಯ್ತು, ನಾವು ಹಿಂಗೆ ಹೊಡೆದ್ರೆ ಬೈತೀರಲ್ಲ, ಆ ಎಕ್ಸ್ ತಾನು ಸೊನ್ನೆ ಅಲ್ಲ ಅಂತ ನಿನ್ನ ಕಿವೀಲಿ ಬಂದು ಹೇಳಿತಾ ಅಂತ. ಹೌದಲ್ಲ. ತರಗತಿಯೆಲ್ಲ ಗೊಳ್ಳೆಂದಿತು, ಅವಳೂ ನಕ್ಕಳು, ನಗದೆ ಏನು ಮಾಡುವುದು. ಅಳಿಸಿದಳು. ಎಲ್ಲವನ್ನೂ ಒಂದೇ ಕಡೆ ತಂದಳು, ಎಕ್ಸ್ ಹೊರಗೆ, ಆವರಣದೊಳಗೆ ಎಕ್ಸ್ ಕಳೆ ಐದು, ಈಗ ಶೂನ್ಯತೆಗಳು ಎರಡು, ಒಂದು ಐದು, ಒಂದು ಸೊನ್ನೆ, ಸೊನ್ನೆ ಅಂದರೆ ಏನೂ ಇಲ್ಲ ಅಂತಲ್ಲ ಮಕ್ಕಳೇ, ನಕ್ಷೆಯ ವಕ್ರರೇಖೆ ಬಂದು ಅಕ್ಷವನ್ನು ಮುಟ್ಟುವ ಜಾಗ ಅದು — ಹೇಳುತ್ತಾ ಕೆಮ್ಮಿದಳು, ಸುಣ್ಣದ ಪುಡಿ, ನೀರು ಕೊಡಲಾ ಮೇಡಂ, ಬೇಡ ಕಣೇ. ಇಲ್ಲಿ ಕೇಳಲು ಒಂದು ಪಿಟೀಲು ಇದೆ. ಅಲ್ಲಿ ಯಾರಿದ್ದಾರೆ, ಅಷ್ಟು ಜನರಲ್ಲಿ ಒಬ್ಬರಾದರೂ ಅಮ್ಮ ಎಲ್ಲಿ ಅಂತ ಕೇಳಿಯಾರೇ, ಕೇಳಿದರೂ ಉತ್ತರ ಸಿದ್ಧವಿದೆ, ಚಿಕ್ಕಮ್ಮ ಪಕ್ಕದಲ್ಲೇ ನಿಂತಿದ್ದಾಳಲ್ಲ. ಬರಬೇಡ ಅಂತ ಗಂಡ ಹೇಳಿದ್ದರೆ ಬಾಗಿಲು ಒದ್ದುಕೊಂಡು ಹೋಗುತ್ತಿದ್ದಳು, ಆ ಚಿಕ್ಕಮ್ಮ ಹೇಳಿದ್ದರೆ ಎರಡು ಮಾತು ಹೆಚ್ಚೇ ಆಡಿಬರುತ್ತಿದ್ದಳು, ಆದರೆ ನಿನ್ನೆ ವಿಡಿಯೊ ಕಾಲ್ ಮಾಡಿ ಹೇಳಿದ್ದು ಮಗಳೇ, ಅಮ್ಮಾ, ನೀನು ಬರದಿದ್ರೆ ಎರಡೂ ಕಡೆಯವರಿಗೂ ಸಲೀಸು, ಬೇಜಾರು ಮಾಡ್ಕೋಬೇಡ — ಆಗ ಅವಳ ಕಣ್ಣು ಅಮ್ಮನ ಮೇಲಿರಲಿಲ್ಲ, ತೆರೆಯ ಮೂಲೆಯಲ್ಲಿ ಕಾಣುವ ತನ್ನದೇ ಮುಖದ ಮೇಲಿತ್ತು, ಸಲೀಸು ಅನ್ನುತ್ತಲೇ ಒಂದು ಗುಂಗುರನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಬೆಲ್ಲು. ಬೆಂಚುಗಳ ಸದ್ದು. ಈಗ ಹೊರಟರೂ ಬಸ್ಸು ಸಿಗುತ್ತದೆ, ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ ನಿಜ, ಒಳಗೆ ಹೋಗಿ ನಿಲ್ಲಬಹುದು, ನಿಂತರೆ ಮಗಳು ತಲೆ ಎತ್ತುತ್ತಾಳೆ, ಎತ್ತಿ ಎಲ್ಲಿ ನೋಡುತ್ತಾಳೆ — ಮೂಲೆಗೆ ಹೊರಳಿದ ಆ ಕಣ್ಣು, ಕಿವಿಯ ಹಿಂದೆ ಹೋದ ಗುಂಗುರು, ಬಟ್ಟೆಯ ಸುಣ್ಣ ಕೊಡವಿದಳು, ಚೀಲ ಹೆಗಲಿಗೇರಿಸಿದಳು, ಇಳಿಸಿ ಕುರ್ಚಿಯ ಮೇಲಿಟ್ಟಳು, ಆ ಕಣ್ಣು, ಮೂಲೆಗೆ, ತನ್ನದೇ ಮುಖಕ್ಕೆ —