ಮೂರು ಗಂಟೆಯ ನೀರು

ನಂದಗುಡಿ ರಸ್ತೆಯ ಸಸಿ ನರ್ಸರಿಯಲ್ಲಿ ಹನ್ನೊಂದು ವರ್ಷದಿಂದ ನೀರು ಬಿಡುತ್ತಿದ್ದ ಲಕ್ಷ್ಮಯ್ಯ, ಸಸಿಗೆ ಬಾಯಾರಿದೆಯೋ ಇಲ್ಲವೋ ಎಂಬುದನ್ನು ಟ್ರೇ ಎತ್ತಿ ತಿಳಿಯುತ್ತಿದ್ದ. ಹಗುರವಾಗಿದ್ದರೆ ನೀರು, ಭಾರವಾಗಿದ್ದರೆ ಬೇಡ. ಅಷ್ಟೇ ಅವನ ವಿದ್ಯೆ.

ಮೂರು ತಿಂಗಳ ಹಿಂದೆ ಮ್ಯಾನೇಜರಾಗಿ ಬಂದ ಚಂದನ ಕೃಷಿ ಓದಿದ ಹುಡುಗಿ. ಬಂದ ವಾರವೇ ಶೆಡ್ಡಿನ ಕಂಬಕ್ಕೆ ಒಂದು ಹಾಳೆ ಅಂಟಿಸಿದ್ದಳು. ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ನೀರು, ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ, ಬಿಟ್ಟ ಮೇಲೆ ಟಿಕ್. ಲಕ್ಷ್ಮಯ್ಯ ತಲೆಯಾಡಿಸಿದ. ಮೋಡವಿದ್ದ ದಿನ ಮೂರರ ನೀರು ಬಿಡಲಿಲ್ಲ, ಟಿಕ್ ಮಾತ್ರ ಹಾಕಿದ. ಹೊಸದಾಗಿ ಬಂದವಳ ಮಾತನ್ನು ಎಲ್ಲರೆದುರು ಮುರಿಯುವುದೇಕೆ ಎಂಬ ಯೋಚನೆ ಅವನದು.

ಶನಿವಾರ ಚಂದನ ನಗುತ್ತಾ ಬಂದಳು. "ಲಕ್ಷ್ಮಯ್ಯನೋರೇ, ಮೂರು ತಿಂಗಳಲ್ಲಿ ಒಂದು ಟ್ರೇನೂ ಕೊಳೆತಿಲ್ಲ. ನಿಮ್ಮ ಹಾಳೇನೇ ಯಜಮಾನ್ರಿಗೆ ತೋರ್ಸಿದೆ. ಸೋಮವಾರದಿಂದ ನಮ್ಮ ಆರೂ ಶೆಡ್ಡಿಗೆ ತಾನೇ ನೀರು ಬಿಡೋ ಟೈಮರ್. ಅದೇ ಎಂಟು, ಅದೇ ಮೂರು!"

ಲಕ್ಷ್ಮಯ್ಯ ಶೆಡ್ಡಿನಾಚೆಯ ಆಕಾಶ ನೋಡಿದ. ಟೈಮರಿಗೆ ಮೋಡ ಕಾಣುತ್ತದೆಯೇ? ವಾರದಲ್ಲಿ ಟೊಮೇಟೊ ಸಸಿಗಳ ಬುಡ ಕೊಳೆಯುತ್ತದೆ. ಹೇಳಿದರೆ ತನ್ನ ಮೇಲಿನ ನಂಬಿಕೆ ಹೋಗುತ್ತದೆ, ಕೆಲಸವೂ ಹೋಗಬಹುದು.

ಪಕ್ಕದಲ್ಲೇ ಟ್ರೇಗೆ ಮಣ್ಣು ತುಂಬುತ್ತಿದ್ದ ಮುನಿರತ್ನಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ಏನಣ್ಣಾ, ಟಿಕ್ ಹಾಕೋವಾಗ ಕೈ ನಡುಗ್ಲಿಲ್ಲ, ಈಗ ಬಾಯಿ ಒಣಗ್ತಾ?"

"ಸುಮ್ಕಿರಮ್ಮಿ."

"ನಾನು ಸುಮ್ಕಿರ್ತೀನಿ. ಸಸಿ ಸುಮ್ಕಿರ್ತದಾ?"

ಅವನು ಕೈ ತೊಳೆದುಕೊಂಡು ಆಫೀಸಿನ ಬಾಗಿಲಲ್ಲಿ ನಿಂತ. "ಮೇಡಮ್, ಆ ಹಾಳೆ ಸುಳ್ಳು."

ಚಂದನ ಪೆನ್ನು ಕೆಳಗಿಟ್ಟಳು. ಅವನು ಎಲ್ಲವನ್ನೂ ಹೇಳಿದ.

"ನಂಗೆ ಆಗ್ಲೇ ಹೇಳೋಕೆ ಏನಾಗಿತ್ತು?"

"ಎಲ್ರ ಮುಂದೆ ನಿಮ್ ಮಾತು ಬೀಳ್ಬಾರ್ದು ಅಂತ..."

"ಈಗ ಯಜಮಾನ್ರ ಮುಂದೆ ಬೀಳುತ್ತಲ್ಲ?"

ಅವಳ ಮುಖ ಕೆಂಪಾಗಿತ್ತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ನಡೀರಿ. ಅದೆಂಗೆ ಎತ್ತಿ ನೋಡ್ತೀರೋ ತೋರ್ಸಿ."

ಗೊಬ್ಬರ ತೂಗುವ ತಕ್ಕಡಿಯನ್ನೂ ಅವಳು ಹೊತ್ತು ತಂದಳು. ಲಕ್ಷ್ಮಯ್ಯ ಕಣ್ಣು ಮುಚ್ಚಿ ಒಂದೊಂದೇ ಟ್ರೇ ಎತ್ತಿದ. "ಇದಕ್ಕೆ ಬೇಕು. ಇದಕ್ಕೆ ಬೇಡ. ಇದಕ್ಕೂ ಬೇಡ." ಅವಳು ತೂಗಿ ಬರೆದುಕೊಂಡಳು. ಹತ್ತು ಟ್ರೇಗಳಲ್ಲಿ ಬೇಕೆಂದವೆಲ್ಲ ಒಂದೂಕಾಲು ಕೆಜಿಯ ಒಳಗೇ ಇದ್ದವು, ಬೇಡವೆಂದವು ಅದಕ್ಕಿಂತ ಮೇಲೆ. ಬೇಕೆಂದ ಒಂದು ಮಾತ್ರ ಲೆಕ್ಕ ತಪ್ಪಿ ಭಾರವಿತ್ತು.

"ಅದು ಮುನಿರತ್ನಮ್ಮ ತುಂಬಿದ್ದು. ಮಣ್ಣು ಗಟ್ಟಿಯಾಗಿ ಒತ್ತವ್ಳೆ," ಎಂದ.

"ತಪ್ಪೆಲ್ಲ ನನ್ ತಲೆ ಮೇಲೆ ಹಾಕು, ಬೆನ್ನು ಖಾಲಿಯಿದ್ರೆ ಅಲ್ಲೂ ಹೊರಿಸು!"

ಚಂದನ ನಕ್ಕುಬಿಟ್ಟಳು. ಅಲ್ಲೇ ನಿಂತು ಯಜಮಾನರಿಗೆ ಫೋನು ಮಾಡಿದಳು. "ಸರ್, ಟೈಮರ್ ಈಗ್ಲೇ ಬೇಡ. ಆ ಹಾಳೆ ಸರಿಯಿಲ್ಲ. ತಪ್ಪು ನಮ್ಮಿಬ್ಬರದೂ. ಲಕ್ಷ್ಮಯ್ಯನೋರು ಸುಮ್ನೆ ಟಿಕ್ ಹಾಕಿದ್ರು, ನಾನು ನೀರು ಬಿಡೋ ಹೊತ್ತಿಗೆ ಒಂದಿನಾನೂ ಶೆಡ್ಡಿಗೆ ಬಂದು ನೋಡ್ಲಿಲ್ಲ." ಆಚೆಯಿಂದ ಬೈಗುಳ ಬಂದಿರಬೇಕು, ಅವಳು ಎರಡು ನಿಮಿಷ "ಹೂಂ ಸರ್" ಎನ್ನುತ್ತಲೇ ಇದ್ದಳು.

ಫೋನಿಟ್ಟು ಲಕ್ಷ್ಮಯ್ಯನ ಕಡೆ ತಿರುಗಿದಳು. "ನಾನು ಹೇಳಿದ್ದು ಸರಿಯಿಲ್ಲ ಅನ್ಸಿದ್ರೆ ಆವತ್ತೇ ಹೇಳ್ಬೇಕು. ಎಲ್ರ ಮುಂದೆ ಸಂಕೋಚ ಆದ್ರೆ ಆಫೀಸಿಗೆ ಬನ್ನಿ. ಸುಳ್ಳು ಟಿಕ್ ಮಾತ್ರ ಬೇಡ."

"ಆಯ್ತು ಮೇಡಮ್. ನೀವೂ ಬೆಳಿಗ್ಗೆ ಒಂದು ಸುತ್ತು ಬನ್ನಿ. ಕೈಗೆ ಅಭ್ಯಾಸ ಆಗ್ತದೆ."

ಸೋಮವಾರ ಮುಗಿಲು ತುಂಬಾ ಮೋಡ. ಚಂದನ ಎಂಟಕ್ಕೆ ಮುಂಚೆಯೇ ಬಂದು ಟ್ರೇ ಎತ್ತಿ, ತಕ್ಕಡಿಗಿಡುವ ಮೊದಲು ತನ್ನ ಊಹೆ ಹೇಳತೊಡಗಿದಳು. ಮೊದಲ ನಾಲ್ಕೂ ತಪ್ಪಾದವು. ಐದನೆಯದು ಸರಿಯಾದಾಗ ಮುನಿರತ್ನಮ್ಮ ಚಪ್ಪಾಳೆ ತಟ್ಟಿದಳು.

ಮೂರು ಗಂಟೆಗೆ ಲಕ್ಷ್ಮಯ್ಯ ಮೂಲೆಯ ಟ್ರೇಗಳನ್ನು ಮತ್ತೊಮ್ಮೆ ಎತ್ತಿ ನೋಡಿದ. ಭಾರವಾಗಿಯೇ ಇದ್ದವು. ಕಂಬದ ಹಾಳೆಯ ಮುಂದೆ ನಿಂತು ಪೆನ್ನು ತೆಗೆದವನು, ಹಾಗೇ ಜೇಬಿಗೆ ಸಿಕ್ಕಿಸಿ, ಆ ಚೌಕವನ್ನು ಖಾಲಿ ಬಿಟ್ಟು ಟೀ ಕುಡಿಯಲು ಹೋದ.