ಕೊನೆಯ ಬೆಂಚಿನ ಹಿಂದೆ ನಿಂತವಳು

ಆ ಚರ್ಚಿನ ಸಭೆಯಲ್ಲಿ ಹಳೆಯದೊಂದು ರೂಢಿ. ಭಾನುವಾರ ಪ್ರಭುಭೋಜನದ ರೊಟ್ಟಿ ಮುರಿಯುವ ಮೊದಲು ಪಾದ್ರಿಗಳು ಮೊದಲ ಬೆಂಚಿನವರ ಕೈ ಹಿಡಿದು "ಶಾಂತಿ" ಎನ್ನುತ್ತಾರೆ. ಅದು ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಬರುತ್ತದೆ. ಕಟ್ಟಕಡೆಯವರು "ತಲುಪಿತು" ಎಂದು ಗಟ್ಟಿಯಾಗಿ ಹೇಳಬೇಕು. ಅಲ್ಲಿಯ ತನಕ ರೊಟ್ಟಿ ಮುರಿಯುವ ಹಾಗಿಲ್ಲ. ಹಾಗೆ ಹೇಳುವ ಕೆಲಸ ದರ್ಜಿ ಅಮ್ಮನದು. ಹೊಲಿಗೆ ಯಂತ್ರ ತುಳಿದು ತುಳಿದು ಮಂಡಿ ಹಿಡಿದುಕೊಂಡಿದ್ದರಿಂದ ಬಾಗಿಲ ಹತ್ತಿರದ ಕೊನೆಯ ಬೆಂಚೇ ಅವಳಿಗೆ ಸಲೀಸು.

ಅವಳ ಮಗ ಬಸ್ಸು ಓಡಿಸುತ್ತಿದ್ದ. ಊರಲ್ಲಿ ಗಲಾಟೆಯಾದ ದಿನ ಬಸ್ಸಿನ ಗಾಜು ಒಡೆದು ಬಂದ ಕಲ್ಲು ಅವನ ಎಡಗಣ್ಣನ್ನು ತೆಗೆಯಿತು. ಕಣ್ಣಿನ ಹಿಂದೆಯೇ ಕೆಲಸವೂ ಹೋಯಿತು. ಹೊಡೆದವರು ರೈಲುಹಳಿಯ ಆಚೆಯವರು. ಮೈಬಣ್ಣ ಬೇರೆ, ದೇವರು ಬೇರೆ. ಅಂದಿನಿಂದ ಆರಾಧನೆಯ ಹೊತ್ತಿಗೆ ಚರ್ಚಿನ ಬಾಗಿಲಿಗೆ ಅಗುಳಿ ಬೀಳುತ್ತಿತ್ತು. ಹೋದ ವಾರ ಪಾದ್ರಿಗಳು ಅದನ್ನು ತೆಗೆಸಿದರು.

"ಅಗುಳಿ ಹಾಕ್ಕೊಂಡು ಶಾಂತಿ ಹಂಚೋದು, ಬಾಯಿ ಮುಚ್ಕೊಂಡು ಊಟಕ್ಕೆ ಕೂತ ಹಾಗೆ" ಎಂದರು.

ಮನೆಗೆ ಬಂದ ಮೇಲೆ ಮಗ ಹೇಳಿದ: "ಅಮ್ಮಾ, ಅವರಲ್ಲಿ ಒಬ್ರು ಒಳಗೆ ಕಾಲಿಟ್ರೂ ನಾನು ಗ್ಯಾರೇಜಿನವರ ಜೊತೆ ಸೇರ್ಕೋತೀನಿ. ಆಮೇಲೆ ನನ್ನ ದಾರಿ ಕಾಯ್ಬೇಡ."

ಗ್ಯಾರೇಜಿನಲ್ಲಿ ಹಳಿಯಾಚೆ ಎಸೆಯಲು ಪೆಟ್ರೋಲು ತುಂಬಿಟ್ಟ ಬಾಟಲಿಗಳ ಸುದ್ದಿ ಬೀದಿಗೆಲ್ಲ ಗೊತ್ತಿತ್ತು. ಕಣ್ಣು ಹೋದದ್ದಾಯಿತು, ಮಗನೇ ಹೋದರೆ?

ಈ ಭಾನುವಾರ ಶಾಂತಿ ಹಿಂದಕ್ಕೆ ಬಂತು. ಮುಂದಿನ ಬೆಂಚಿನಲ್ಲಿ ಕೂತಿದ್ದ ಮಗ ತಿರುಗಿ, ಟಿಕೆಟ್ ಹರಿದು ಕೊಟ್ಟ ಹಾಗೆ "ಶಾಂತಿ" ಎಂದು ಅಮ್ಮನ ಕೈ ಮುಟ್ಟಿದ. ಅವಳು "ತಲುಪಿತು" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಹಾಗಾದರೆ ಕೊನೆಯವಳು ತಾನಲ್ಲ. ರೂಢಿ ಬಿದ್ದ ಕೈ, ಯೋಚಿಸುವ ಮೊದಲೇ ಹಿಂದಕ್ಕೆ ಚಾಚಿಕೊಂಡಿತು; ಬಾಯಿ "ಶಾಂತಿ" ಎಂದಿತು.

ಹಿಡಿದ ಬೆರಳುಗಳ ತುದಿ ಒರಟು. ಸೂಜಿ ಚುಚ್ಚಿಸಿಕೊಂಡ ಬೆರಳು. ತನ್ನ ಕೈಯನ್ನೇ ಹಿಡಿದಂತಾಯಿತು. ತಿರುಗಿ ನೋಡಿದಳು. ಹಳಿಯ ಆಚೆಯ ಹೆಂಗಸು, ಹೆಚ್ಚುಕಮ್ಮಿ ತನ್ನದೇ ವಯಸ್ಸು.

"ಬಸ್ಸಿನವನ ತಾಯಿ ನೀವೇ ತಾನೇ ಅಕ್ಕಾ? ಆ ಕಲ್ಲು ಎಸೆದೋನು ನನ್ನ ಮಗ. ನಿನ್ನೆ ಬಾಯಿಬಿಟ್ಟ. ಊಟ ಗಂಟಲಲ್ಲಿ ಇಳೀಲಿಲ್ಲ ನಂಗೆ. ಬಾಗಿಲು ತೆಗೆದಿತ್ತು, ಬಂದೆ."

ದರ್ಜಿ ಅಮ್ಮ ಕೈ ಕಿತ್ತುಕೊಳ್ಳಬೇಕೆಂದುಕೊಂಡಳು, ಬೆರಳು ಮಾತು ಕೇಳಲಿಲ್ಲ. ಸಭೆಯೆಲ್ಲ ತಿರುಗಿ ನೋಡುತ್ತಿತ್ತು.

ಬಂದವಳಿಗೆ ಅಲ್ಲಿಯ ರೂಢಿ ಗೊತ್ತಿಲ್ಲ. ಕೈಗೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸಬೇಕು ಎಂದಷ್ಟೇ ತಿಳಿದಳು. ಹಿಂದೆ ಬರೀ ಬಾಗಿಲು. ಬೆಂಚು ಸುತ್ತಿ ಮುಂದೆ ಬಂದು, ಮೊದಲು ಸಿಕ್ಕವನಿಗೆ ಕೈ ಚಾಚಿದಳು.

"ಶಾಂತಿ, ಮಗಾ."

ಆಮೇಲೆ ಅವನ ಮುಖ ನೋಡಿದಳು. ಮುಚ್ಚಿಹೋದ ಎಡಗಣ್ಣು ನೋಡಿದಳು. ಯಾರೆಂದು ತಿಳಿಯಿತು. ಆದರೂ ಕೈ ಇಳಿಸಲಿಲ್ಲ.

ಮಗ ಧಡಕ್ಕನೆ ಎದ್ದ. ಹೊರಟೇಬಿಟ್ಟ ಎಂದುಕೊಂಡಳು ತಾಯಿ.

ಮೊದಲ ಬೆಂಚಿನಿಂದ ಚರ್ಚಿನ ಗಂಟೆ ಹೊಡೆಯುವ ತಾತ ಗೊಣಗಿದ: "ರೊಟ್ಟಿ ಒಣಗ್ತಾ ಇದೆ."

"ಸುಮ್ನಿರು ತಾತ" ಎಂದರು ಯಾರೋ.

ಬಂದವಳ ಚಾಚಿದ ತೋಳು ಸೋಲುತ್ತಿತ್ತು. ದರ್ಜಿ ಅಮ್ಮ ಮಂಡಿ ಹಿಡಿದುಕೊಂಡು ಎದ್ದು, ಅದರ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟಳು.

"ಬಿಡಮ್ಮಾ" ಎಂದ ಮಗ.

"ಬಿಡಲ್ಲ ಕಣೋ. ಇಳಿದ್ರೆ ಮತ್ತೆ ಎತ್ತೋಕಾಗಲ್ಲ ಇವಳಿಗೆ."

ಅವನು ಬಾಗಿಲು ನೋಡಿದ, ತಾಯಿಯ ಕೈ ನೋಡಿದ. ಕೊನೆಗೆ ಕುಸಿದು ಕೂತು, ಬೆಂಚಿನಲ್ಲಿ ಒಂದಿಷ್ಟು ಆಚೆ ಸರಿದ.

"ಕೂತ್ಕೊಳ್ಳಿ. ಕೈ ಇಳಿಸಿ. ನನ್ನಿಂದ ಇಷ್ಟೇ ಆಗೋದು."

ಪಾದ್ರಿಗಳು ಕೇಳಿದರು: "ತಲುಪಿತೇ ಅಮ್ಮಾ?"

"ಇಲ್ಲ ಪಾದ್ರಿಗಳೇ" ಎಂದಳು ದರ್ಜಿ ಅಮ್ಮ. "ಬರ್ತಾ ಇದೆ."

ಪಾದ್ರಿಗಳು ರೊಟ್ಟಿಯನ್ನು ಮತ್ತೆ ತಟ್ಟೆಗೆ ಇಟ್ಟು, ತಾವೂ ಕೂತರು.

"ಕಾಯೋಣ."

ಗಂಟೆ ತಾತ ಎದ್ದು, ರೊಟ್ಟಿ ಒಣಗದಂತೆ ಬಟ್ಟೆ ಮುಚ್ಚಿದ.