ಹಗುರವಾದ ಕಾಯಿಲೆ

ಡಾಕ್ಟರ್ ಕೌಸಲ್ಯಾ ಎಕ್ಸ್-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದಳು. ಎರಡು ತಿಂಗಳ ಹಿಂದೆ ಬತ್ತತೊಡಗಿದ್ದ ಕ್ಷಯದ ಕಲೆ ಮತ್ತೆ ಹಬ್ಬಿತ್ತು. ವಾರ್ಡಿನ ಮಂಚದ ಮೇಲೆ ಶೂ ಕೂಡ ಬಿಚ್ಚದೆ ಕುಳಿತಿದ್ದ ಅವಳ ರೋಗಿ ಪೆತ್ರು ಅಷ್ಟು ದಿನದಿಂದಲೂ ಮಾತ್ರೆ ಮುಟ್ಟಿರಲಿಲ್ಲ. ಹೊಲಿಗೆ ಅಂಗಡಿಯ ಕೆಲಸಕ್ಕೂ ಮರಳಿದ್ದ. ಹೀಗೇ ಆದರೆ ಈ ೧೯೭೩ರ ಚಳಿಗಾಲವನ್ನು ಅವನು ದಾಟುವುದು ಕಷ್ಟವಿತ್ತು.

"ಯಾಕೆ ಬಿಟ್ರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ರುಮೇನಿಯದಿಂದ ಬಂದ ಮುದುಕನಿಗೆ ಇಂಗ್ಲಿಷ್ ಬಾರದು. ಉತ್ತರ ಕೊಟ್ಟವಳು ಹೆಂಡತಿ ಇಲ್ಯಾನಾ. "ನೀವೇ 'ಮೈಲ್ಡ್' ಅಂದ್ರಲ್ಲ ಡಾಕ್ಟರ್. ನಾನು ನಮ್ಮ ಭಾಷೇಲಿ 'ಉಷ್ವಾರ' ಅಂದೆ, ಹಗುರ ಅಂತ. ಹಗುರದ್ದಕ್ಕೆ ಒಂದೂವರೆ ವರ್ಷ ಮಾತ್ರೆ ಯಾರು ನುಂಗ್ತಾರೆ?"

ಔಷಧಿಗಿಂತ ಒಂದು ಚಮಚ ಹೆಚ್ಚೇ ಸಮಾಧಾನ ಕೊಡುವ ಅಭ್ಯಾಸ ಕೌಸಲ್ಯಾಳದು. ಹೊರಗೆ ಬಂದು ಶರಣಬಸಪ್ಪನ ಮುಂದೆ ಹೇಳಿಕೊಂಡಳು. ಕ್ವೀನ್ಸ್‌ನ ಆ ಪರದೇಶದ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಇನ್ನೊಬ್ಬ ಡಾಕ್ಟರ್ ಎಂದರೆ ಗುಲ್ಬರ್ಗಾದ ಅವನೊಬ್ಬನೇ.

"ಮೈಸೂರಲ್ಲಿ ಪೇಶಂಟ್ ಎದುರಿಗೆ 'ಏನಿಲ್ಲ, ಸ್ವಲ್ಪ' ಅಂತಾನೇ ಅನ್ನೋದು. ಧೈರ್ಯ ಕೆಡಬಾರದು ಅಂತ."

"ಅಲ್ಲಿ ಪೇಶಂಟನ ಮಕ್ಕಳನ್ನ ಹೊರಗ ಕರದು ಖರೇ ಹೇಳತಿದ್ವಿ. ಅವರು ಬೈದು ಗುಳಿಗಿ ನುಂಗಸ್ತಿದ್ರು. ಇಲ್ಲಿ ಹೊರಗ ಯಾರು ನಿಂತಾರ್ರೀ? ಹೋಗಿ ಆ ಮುದುಕಗ ಹೇಳಿಬಿಡ್ರಿ."

ಹೇಳುವುದೇನೋ ಸುಲಭ, ಮುದುಕ ಎದೆಗುಂದಿ ಮಲಗಿಬಿಟ್ಟರೆ? ಕೌಸಲ್ಯಾ ಒಳಗೆ ಹೋಗಿ ಅವನ ಮಂಚದ ಅಂಚಿನಲ್ಲಿ ಕುಳಿತಳು. "ಇಲ್ಯಾನಾ, ನಾನು ಹೇಳಿದ್ದು ತಪ್ಪು. ಜೀವಕ್ಕೇ ಬರೋ ಕಾಯಿಲೆಗೆ ನೀವು ಏನಂತೀರಿ?"

ಇಲ್ಯಾನಾ ಗಂಡನತ್ತ ನೋಡಿ ದನಿ ತಗ್ಗಿಸಿದಳು. "ಗ್ರ್ಯಾ. ಅಂದ್ರೆ ಭಾರ."

ಕೌಸಲ್ಯಾ ಮುದುಕನ ಕೈ ಹಿಡಿದು, ಕಣ್ಣು ತಪ್ಪಿಸದೆ, "ಗ್ರ್ಯಾ" ಎಂದಳು. "ಪೂರ್ತಿ ನುಂಗಿದ್ರೆ ವಾಸಿಯಾಗುತ್ತೆ. ಬಿಟ್ರೆ ಇಲ್ಲ."

ಇಲ್ಯಾನಾ ಅದನ್ನೂ ಹೇಳಿದಳು. ಬಿಗಿದಿದ್ದ ಪೆತ್ರುವಿನ ಹೆಗಲು ಸಡಿಲಗೊಂಡಿತು. ಏನೋ ಹೇಳಿದ, ಹೇಳುತ್ತ ನಕ್ಕೂ ಬಿಟ್ಟ.

ಇಲ್ಯಾನಾ ಕಣ್ಣೊರೆಸಿಕೊಂಡಳು. "ಇಷ್ಟು ಹಗುರದ ಕಾಯಿಲೆಗೇ ಮೆಟ್ಟಿಲು ಹತ್ತೋಕಾಗ್ತಿಲ್ಲ, ನಾನು ಸೋಮಾರಿಯಾಗಿಬಿಟ್ಟೆ ಅಂತ ಇವರಿಗೆ ನಾಚಿಕೆಯಾಗಿತ್ತಂತೆ. ಅದಕ್ಕೇ ಕೆಲಸಕ್ಕೆ ಹೋದರಂತೆ."

ಕೌಸಲ್ಯಾ ಕೊಟ್ಟ ಮಾತ್ರೆಗಳನ್ನು ಪೆತ್ರು ಒಂದೊಂದಾಗಿ ನುಂಗಿದ. ಆಮೇಲೆ ಬಗ್ಗಿ ಶೂ ಬಿಚ್ಚಿ, ಜೋಡಿಸಿ ಮಂಚದ ಕೆಳಗಿಟ್ಟು, ಹಾಡಹಗಲೇ ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು ಮಲಗಿದ.